ಅಪ್‌ಡೇಟ್ ಆದಮೇಲೆ ನೆಟ್‌ವರ್ಕ್ ಅಕೌಂಟ್ ಲಾಗಿನ್ ಅರ್ಧ ನಿಮಿಷ ತಗೊಳ್ತೈತೆ, ಅಪ್‌ಡೇಟ್ ವಾಪಸ್ ತೆಗೀಬೇಕಾ?

ಪ್ರಶ್ನೆ: ಸರ್ ನಮಸ್ಕಾರ, ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ. ನಮ್ಮಲ್ಲಿ ಒಂದು ರಾಕಿ ಲಿನಕ್ಸ್ 9 ಸರ್ವರ್ ಇದೆ, ಹುಡುಗರ ಅಕೌಂಟ್ ಎಲ್ಲಾ ವಿಂಡೋಸ್ ಆಕ್ಟಿವ್ ಡೈರೆಕ್ಟರಿಯಲ್ಲಿ, ಲಿನಕ್ಸನ್ನ ಎಸ್‌ಎಸ್‌ಎಸ್‌ಡಿ ಮೂಲಕ ಅದಕ್ಕೆ ಜೋಡಿಸಿದೀವಿ, ಹೋಮ್ ಫೋಲ್ಡರ್ ಬೇರೆ ಮಷೀನ್‌ನಿಂದ ಎನ್‌ಎಫ್‌ಎಸ್‌ನಲ್ಲಿ ಬರುತ್ತೆ. ರಜೆಯಲ್ಲಿ ಪೂರಾ ಸಿಸ್ಟಮ್ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ವಿ. ಆವತ್ತಿಂದ ಹುಡುಗರು ಎಸ್‌ಎಸ್‌ಎಚ್ ಮಾಡಿದ್ರೆ ಒಳಗೆ ಹೋಗೋಕೆ ಅರ್ಧ ನಿಮಿಷ ಬೇಕು. ಸರ್ವರ್‌ನಲ್ಲೇ ಮಾಡಿರೋ ಲೋಕಲ್ ಅಕೌಂಟ್ ಮಾತ್ರ ತಕ್ಷಣ ಒಳಗೆ ಹೋಗುತ್ತೆ. ಯಾರೋ ಹೇಳಿದ್ರು ಅಂತ ಯೂಸ್‌ಡಿಎನ್‌ಎಸ್ ನೋ ಅಂತ ಹಾಕಿದೆ, ಏನೂ ಫರಕ್ ಆಗ್ಲಿಲ್ಲ. ಪ್ರಾಕ್ಟಿಕಲ್ ಎಕ್ಸಾಮ್ ಹತ್ರ ಬಂತು. ಅಪ್‌ಡೇಟ್ ವಾಪಸ್ ತೆಗೆದುಬಿಡ್ಲಾ?

ಉತ್ತರ: ಮೇಡಂ, ಮೊದಲನೇ ಮಾತು, ಅಪ್‌ಡೇಟ್ ವಾಪಸ್ ತೆಗೀಬೇಡ್ರಿ. ಡಿಎನ್‌ಎಫ್ ಹಿಸ್ಟರಿ ಅಂಡೂ ಅಂತ ಒಂದು ಕಮಾಂಡ್ ಐತೆ, ಕೊಟ್ರೆ ಹಳೇ ಪ್ಯಾಕೇಜ್ ಬಂದ್ರೂ ಬರಬಹುದು, ಆದ್ರೆ ಅದರ ಜೊತೆ ಸೆಕ್ಯೂರಿಟಿ ಪ್ಯಾಚ್ ಕೂಡ ಹೋಗ್ತವೆ. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ರೆಗ್ರೆಶನ್ ಅಂತ ಹೆಸರಿಟ್ಟ ದೊಡ್ಡ ಹುಳುಕು ಸಿಕ್ತಲ್ಲ, ಪಾಸ್‌ವರ್ಡೇ ಇಲ್ದೆ ಹೊರಗಿಂದ ರೂಟ್ ಆಗೋಕೆ ದಾರಿ ಕೊಡೋ ಅಂಥದ್ದು, ನಿಮ್ಮ 9ನೇ ಸೀರೀಸ್ ಕೂಡ ಅದರ ವ್ಯಾಪ್ತಿಯಲ್ಲಿತ್ತು. ಇಂಥ ಪ್ಯಾಚ್ ಕಳ್ಕೊಂಡು ಲಾಗಿನ್ ಸ್ಪೀಡ್ ತಗೊಳ್ಳೋದು ಲುಕ್ಸಾನಿನ ವ್ಯವಹಾರ. ಇನ್ನೊಂದು, ನನ್ನ ಅನುಭವದಲ್ಲಿ ಇಂಥ ಕೇಸ್‌ಗಳಲ್ಲಿ ತಪ್ಪು ಹೊಸ ಪ್ಯಾಕೇಜ್‌ದು ಇರೋದು ಕಮ್ಮಿ, ರೀಬೂಟ್‌ದು ಜಾಸ್ತಿ. ಸರ್ವರ್ ತಿಂಗಳುಗಟ್ಟಲೆ ಆಫ್ ಆಗ್ದೆ ನಡೀತಿರುತ್ತೆ, ಎಸ್‌ಎಸ್‌ಎಸ್‌ಡಿ ಯಾವುದೋ ಒಂದು ಒಳ್ಳೇ ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ನಡೆಸೋ ವಿಂಡೋಸ್ ಸರ್ವರ್) ಹಿಡ್ಕೊಂಡು ಸುಮ್ನೆ ಕೆಲಸ ಮಾಡ್ತಿರುತ್ತೆ, ಅಷ್ಟರಲ್ಲಿ ಸುತ್ತಮುತ್ತ ಏನೇನೋ ಬದಲಾಗಿ ಹೋಗಿರುತ್ತೆ, ಯಾರೋ ಒಂದು ಹಳೇ ಸರ್ವರ್ ಬಂದ್ ಮಾಡಿರ್ತಾರೆ, ಫೈರ್‌ವಾಲ್‌ನಲ್ಲಿ ಒಂದು ರೂಲ್ ಹಾಕಿರ್ತಾರೆ, ಆಗ ಯಾರಿಗೂ ಗೊತ್ತಾಗಲ್ಲ. ರೀಬೂಟ್ ಆದ ದಿನ ಎಲ್ಲಾ ಮೊದಲಿಂದ ಹುಡುಕಬೇಕು, ಅವತ್ತೇ ಹಳೇ ಕಸ ಎಲ್ಲಾ ಮೇಲೆ ಬರೋದು.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಐತೆ, ಲೋಕಲ್ ಅಕೌಂಟ್ ತಕ್ಷಣ ಹೋಗುತ್ತೆ ಅಂದ್ರಲ್ಲ, ಅದು. ಆದ್ರೆ ಒಂದು ಖಾತ್ರಿ ಮಾಡ್ಕೊಳ್ರಿ, ಆ ಲೋಕಲ್ ಅಕೌಂಟ್ ಟೆಸ್ಟ್ ಎಲ್ಲಿಂದ ಮಾಡಿದ್ರಿ? ಸರ್ವರ್ ಮುಂದೆ ಕೂತು ಕೀಬೋರ್ಡ್‌ನಿಂದ ಮಾಡಿದ್ರೆ ಆ ಹೋಲಿಕೆ ನಡೆಯಲ್ಲ. ಹುಡುಗ ಕೂತ ಅದೇ ಪಿಸಿಯಿಂದ, ಅದೇ ಎಸ್‌ಎಸ್‌ಎಚ್‌ನಲ್ಲಿ, ಒಂದು ಸಲ ಲೋಕಲ್ ಹೆಸರು ಒಂದು ಸಲ ಹುಡುಗನ ಹೆಸರು ಕೊಟ್ಟು ನೋಡ್ರಿ, ಎರಡಕ್ಕೂ ಪಾಸ್‌ವರ್ಡೇ ಹೊಡೀರಿ, ಒಂದಕ್ಕೆ ಕೀ ಒಂದಕ್ಕೆ ಪಾಸ್‌ವರ್ಡ್ ಬೇಡ. ಹಂಗೆ ಮಾಡಿದಾಗಲೂ ಲೋಕಲ್ ಫಾಸ್ಟ್ ಇದ್ರೆ ಜನ ಸಾಮಾನ್ಯವಾಗಿ ಹೇಳೋ ಔಷಧಿ ಎಲ್ಲಾ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ ಹೋದ್ವು. ಯೂಸ್‌ಡಿಎನ್‌ಎಸ್ ಅನ್ನೋದು ಬಂದಿರೋ ಪಿಸಿಯ ಐಪಿಗೆ ಹೆಸರು ಹುಡುಕೋ ಸೆಟ್ಟಿಂಗ್, ಯಾವ ಅಕೌಂಟ್ ಆದ್ರೂ ಅದಕ್ಕೆ ಒಂದೇ, ಮೇಲಾಗಿ 2015ರಲ್ಲಿ ಬಂದ 6.8 ವರ್ಷನ್‌ನಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದರ ಡಿಫಾಲ್ಟೇ ನೋ. ನೀವು ಹಾಕಿದ್ದು ಮೊದಲೇ ಇದ್ದದ್ದನ್ನೇ, ಫರಕ್ ಹೆಂಗೆ ಆಗ್ಬೇಕು? ಜಿಎಸ್‌ಎಸ್‌ಎಪಿಐ, ಅಂದ್ರೆ ಪಾಸ್‌ವರ್ಡ್ ಬದಲು ಟಿಕೆಟ್ ತೋರಿಸಿ ಲಾಗಿನ್ ಆಗೋ ವಿಧಾನ, ಅದನ್ನ ಆಫ್ ಮಾಡ್ರಿ ಅಂತಾನೂ ಹೇಳ್ತಾರೆ, ಅದನ್ನ ಮೊದಲು ಟ್ರೈ ಮಾಡೋದು ಹುಡುಗನ ಕಡೆ ಇರೋ ಕ್ಲೈಂಟ್, ಅದೂ ಇಬ್ಬರಿಗೂ ಸಮ.

ಇದನ್ನ ಓದ್ತಿರೋ ಬೇರೆಯವರಿಗೆ ಲೋಕಲ್ ಅಕೌಂಟ್ ಕೂಡ ನಿಧಾನ ಇದ್ರೆ, ಅದೂ ಪಾಸ್‌ವರ್ಡ್ ಕೊಟ್ಟಮೇಲೆ ಕರೆಕ್ಟಾಗಿ 25 ಸೆಕೆಂಡ್ ನಿಲ್ತಿದ್ರೆ, ಡೈರೆಕ್ಟರಿ ಕಡೆ ನೋಡ್ಲೇಬೇಡ್ರಿ. 25 ಅನ್ನೋದು ಡಿ-ಬಸ್‌ನ, ಅಂದ್ರೆ ಲಿನಕ್ಸ್ ಒಳಗಿನ ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡೋ ವ್ಯವಸ್ಥೆಯ, ಡಿಫಾಲ್ಟ್ ಟೈಮ್‌ಔಟ್ (ಉತ್ತರಕ್ಕೆ ಕಾಯೋ ಗಡುವು). ಅಪ್‌ಡೇಟ್‌ನಲ್ಲಿ ಡಿ-ಬಸ್ ಹೊಸದಾಗಿ ಶುರುವಾಗಿ, ಲಾಗಿನ್ ಸೆಷನ್ ನೋಡ್ಕೊಳ್ಳೋ ಸಿಸ್ಟಮ್‌ಡಿ-ಲಾಗಿನ್‌ಡಿ ಮಾತ್ರ ಹಳೇ ಕನೆಕ್ಷನ್ ಹಿಡ್ಕೊಂಡು ಕೂತಿದ್ರೆ ಹಿಂಗೆ ಆಗ್ತೈತೆ, ಲಾಗ್‌ನಲ್ಲಿ ಪ್ಯಾಮ್_ಸಿಸ್ಟಮ್‌ಡಿ ಸೆಷನ್ ಮಾಡೋಕೆ ಆಗ್ಲಿಲ್ಲ ಅಂತ ಬರೆದಿರ್ತೈತೆ. ಲಾಗಿನ್‌ಡಿ ರೀಸ್ಟಾರ್ಟ್ ಇಲ್ಲಾ ಒಂದು ಪೂರಾ ರೀಬೂಟ್, ಮುಗೀತು.

ಈಗ ನಿಮ್ಮ ಕೇಸಿಗೆ ಬರೋಣ. ಸೆಟ್ಟಿಂಗ್ ಒಂದೂ ಮುಟ್ಟೋಕೆ ಮುಂಚೆ ಆ ಅರ್ಧ ನಿಮಿಷ ಎಲ್ಲಿ ನಿಲ್ತೈತೆ ಅಂತ ಕಣ್ಣಲ್ಲಿ ನೋಡ್ರಿ, ಎಲ್ಲಾ ಅದರಲ್ಲೇ ಐತೆ. ಲಾಗಿನ್ ನಿಲ್ಲೋಕೆ ಮೂರು ಜಾಗ. ಹೆಸರು ಕೊಟ್ಟು ಎಂಟರ್ ಹೊಡೆದಮೇಲೆ ಪಾಸ್‌ವರ್ಡ್ ಕೇಳೋಕೆ ತಡ ಆಗ್ತೈತಾ, ಪಾಸ್‌ವರ್ಡ್ ತಕ್ಷಣ ಕೇಳಿ ಅದನ್ನ ಹೊಡೆದಮೇಲೆ ನಿಲ್ತೈತಾ, ಇಲ್ಲಾ ಲಾಸ್ಟ್ ಲಾಗಿನ್ ಅನ್ನೋ ಸಾಲು ಕಂಡಮೇಲೆ ಪ್ರಾಂಪ್ಟ್ ಬರೋಕೆ ತಡ ಆಗ್ತೈತಾ. ಫೋನಿನ ಸ್ಟಾಪ್‌ವಾಚ್ ಸಾಕು, ಎಸ್‌ಎಸ್‌ಎಚ್ ಕಮಾಂಡ್‌ಗೆ ಮೈನಸ್ ಹಾಕಿ ವಿ ಅಕ್ಷರ ಮೂರು ಸಲ ಕೊಟ್ರೆ ಇನ್ನೂ ಚೆನ್ನಾಗಿ ಕಾಣ್ತೈತೆ. ಎಷ್ಟು ಸೆಕೆಂಡ್ ಅನ್ನೋದನ್ನೂ ಬರ್ಕೊಳ್ರಿ, ಸುಮಾರು ಅಂತ ಬೇಡ, ಕರೆಕ್ಟಾಗಿ ಬೇಕು. ಆ ನಂಬರೇ ಯಾರು ಕಾಯಿಸ್ತಿದಾರೆ ಅಂತ ಹೇಳ್ತೈತೆ. 5, 10, 15 ಹಿಂಗೆ ಐದರ ಲೆಕ್ಕದಲ್ಲಿ ಬಂದ್ರೆ ಡಿಎನ್‌ಎಸ್ ಮೇಲೆ ಕಣ್ಣಿಡ್ರಿ, ಯಾಕಂದ್ರೆ ಲಿನಕ್ಸ್ ರಿಸಾಲ್ವರ್ ಒಂದು ನೇಮ್‌ಸರ್ವರ್‌ಗೆ ಕೇಳಿ ಉತ್ತರ ಬರ್ದಿದ್ರೆ ಡಿಫಾಲ್ಟಾಗಿ 5 ಸೆಕೆಂಡ್ ಕಾಯ್ತೈತೆ. 6 ಅಥವಾ 12 ಬಂದ್ರೆ ಎಸ್‌ಎಸ್‌ಎಸ್‌ಡಿ ಒಳಗಿನ ಟೈಮ್‌ಔಟ್, ಎಲ್‌ಡ್ಯಾಪ್ (ಡೈರೆಕ್ಟರಿಯಲ್ಲಿ ಹೆಸರು ಹುಡುಕೋ ಪದ್ಧತಿ) ಹುಡುಕಾಟಕ್ಕೂ ಕರ್ಬರೋಸ್ (ಆಕ್ಟಿವ್ ಡೈರೆಕ್ಟರಿ ಪಾಸ್‌ವರ್ಡ್ ಪರೀಕ್ಷಿಸೋ ಪದ್ಧತಿ) ಚೆಕ್‌ಗೂ ಅಲ್ಲಿ ಡಿಫಾಲ್ಟ್ 6 ಸೆಕೆಂಡ್. ಒಬ್ಬ ಹುಡುಗನಿಗೆ 8, ಇನ್ನೊಬ್ಬನಿಗೆ 31, ಲೆಕ್ಚರರ್‌ಗೆ 40, ಹಿಂಗೆ ಆಳಿಗೆ ತಕ್ಕಂಗೆ ಬೇರೆ ಬೇರೆ ಬಂದ್ರೆ ಅದು ಟೈಮ್‌ಔಟ್ ಅಲ್ಲವೇ ಅಲ್ಲ, ನಿಜವಾಗ್ಲೂ ಕೆಲಸ ನಡೀತೈತೆ, ಗ್ರೂಪ್ ಎಳೀತಿದೆ.

ಪಾಸ್‌ವರ್ಡ್ ಕೇಳೋಕೂ ಮುಂಚೆ ನಿಲ್ತಿದ್ರೆ ಏನಂದ್ರೆ, ಎಸ್‌ಎಸ್‌ಎಚ್‌ಡಿ, ಅಂದ್ರೆ ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಮ್, ಆ ಹೆಸರಿನವನು ಇದಾನೋ ಇಲ್ವೋ ಅಂತ ಕೇಳ್ತಿದೆ, ಉತ್ತರ ತಡ. ಸರ್ವರ್‌ನಲ್ಲಿ ರೂಟ್ ಆಗಿ ಟೈಮ್ ಅಂತ ಹಾಕಿ ಗೆಟೆಂಟ್ ಪಾಸ್‌ವ್ಡ್ ಹುಡುಗನ ಹೆಸರು ಕೊಡ್ರಿ, ಆಮೇಲೆ ಟೈಮ್ ಐಡಿ ಅದೇ ಹೆಸರು ಕೊಡ್ರಿ. ಮೊದಲನೇದು ಆ ಮನುಷ್ಯನ ಒಂದು ಸಾಲು ಮಾತ್ರ ತರ್ತೈತೆ, ಎರಡನೇದು ಅವನ ಗ್ರೂಪ್ ಎಲ್ಲಾ ತರ್ತೈತೆ. ಮೊದಲನೇದು ಫಾಸ್ಟ್, ಎರಡನೇದು ನಿಧಾನ ಅಂದ್ರೆ ಗ್ರೂಪ್‌ಗಳದ್ದೇ ಕಥೆ. ಬರೀ ಹೆಸರು ಹುಡುಕೋವಾಗ ಗ್ರೂಪ್ ಯಾಕೆ ಬೇಕು ಅಂತೀರೇನೋ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಅಲೌಗ್ರೂಪ್ಸ್ ಅಥವಾ ಮ್ಯಾಚ್ ಗ್ರೂಪ್ ಅಂತ ಒಂದು ಸಾಲು ಇದ್ರೂ ಸಾಕು, ಪಾಸ್‌ವರ್ಡ್ ಕೇಳೋಕೆ ಮುಂಚೆನೇ ಗ್ರೂಪ್ ಪಟ್ಟಿ ಪೂರಾ ಬೇಕಾಗ್ತೈತೆ. ಇನ್ನೊಂದು ಸೂಕ್ಷ್ಮ ಐತೆ, ಹುಡುಗನ ಪಿಸಿಯಲ್ಲಿ ಕೀ ಇದ್ರೆ ಎಸ್‌ಎಸ್‌ಎಚ್‌ಡಿ ಮೊದಲು ಅವನ ಹೋಮ್ ಒಳಗಿನ ಆಥರೈಸ್ಡ್ ಕೀಸ್ ಫೈಲ್ ತೆಗೀತೈತೆ, ಹೋಮ್ ಎನ್‌ಎಫ್‌ಎಸ್‌ನಲ್ಲಿದ್ದು ಅದು ಮಂದ ಆಗಿದ್ರೆ ನೋಡೋರಿಗೆ ಡೈರೆಕ್ಟರಿ ಮಂದ ಇದ್ದಂಗೆ ಕಾಣ್ತೈತೆ. ಕ್ಲೈಂಟ್‌ನಲ್ಲಿ ಪಬ್‌ಕೀಆಥೆಂಟಿಕೇಶನ್ ನೋ ಅಂತ ಕೊಟ್ಟು ಒಂದು ಸಲ ನೋಡಿದ್ರೆ ಆ ಅನುಮಾನ ಬಗೆಹರೀತು.

ಗ್ರೂಪ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಕಾಲೇಜುಗಳಲ್ಲಿ ಇದೇ ಜಾಸ್ತಿ. ನಿಮ್ಮಲ್ಲಿ ಎಲ್ಲಾ ವಿದ್ಯಾರ್ಥಿಗಳು ಅಂತ ಒಂದು ಗ್ರೂಪ್ ಇರ್ತೈತೆ, ಬ್ರ್ಯಾಂಚ್‌ಗೊಂದು, ಬ್ಯಾಚ್‌ಗೊಂದು, ಲೈಬ್ರರಿಗೊಂದು, ವೈಫೈಗೊಂದು, ಪಾಸಾಗಿ ಹೋದವರೂ ಅದರಲ್ಲೇ ಉಳ್ಕೊಂಡಿರ್ತಾರೆ. ಎರಡನೇ ವರ್ಷದ ಒಬ್ಬ ಹುಡುಗ ಲಾಗಿನ್ ಆದ್ರೆ ಅವನು ಯಾವ ಗ್ರೂಪ್‌ನಲ್ಲಿದಾನೆ ಅಂತ ಕೇಳಿದ್ರೆ ಸಾಕಿತ್ತು, ಆದ್ರೆ ಐಡಿ ಅಥವಾ ಯಾವುದಾದ್ರೂ ಸ್ಕ್ರಿಪ್ಟು ಗ್ರೂಪ್ ಹೆಸರು ಕೇಳಿದಾಗ ಎಸ್‌ಎಸ್‌ಎಸ್‌ಡಿ ಆ ಗ್ರೂಪ್‌ನ ಸದಸ್ಯರನ್ನೂ ಎಳ್ಕೊಂಡು ಬರ್ತೈತೆ, ಗ್ರೂಪ್ ಒಳಗೆ ಗ್ರೂಪ್ ಇದ್ರೆ ಅದರ ಒಳಗೂ ಇಳೀತೈತೆ. ಸಾವಿರಾರು ಹೆಸರು ಬಂದು ಲೋಕಲ್ ಕ್ಯಾಶ್ ಡೇಟಾಬೇಸ್‌ನಲ್ಲಿ ಬರೆಯೋಷ್ಟರಲ್ಲಿ ಸೆಕೆಂಡ್ ಕರಗಿ ಹೋಗ್ತವೆ. ಇದಕ್ಕೆ ಎಸ್‌ಎಸ್‌ಎಸ್‌ಡಿ ಕಾನ್ಫಿಗ್‌ನಲ್ಲಿ ನಿಮ್ಮ ಡೊಮೇನ್ ಸೆಕ್ಷನ್ ಕೆಳಗೆ ಇಗ್ನೋರ್_ಗ್ರೂಪ್_ಮೆಂಬರ್ಸ್ ಅನ್ನೋದನ್ನ ಟ್ರೂ ಮಾಡ್ರಿ. ಹುಡುಗನ ಗ್ರೂಪ್‌ಗಳು ಹಂಗೇ ಕರೆಕ್ಟಾಗಿ ಸಿಗ್ತವೆ, ಫೈಲ್ ಪರ್ಮಿಷನ್ ಎಲ್ಲಾ ಮೊದಲಿನಂಗೇ ನಡೀತೈತೆ, ಗೆಟೆಂಟ್ ಗ್ರೂಪ್ ಕೊಟ್ಟಾಗ ಮಾತ್ರ ಸದಸ್ಯರ ಪಟ್ಟಿ ಖಾಲಿ ಕಾಣ್ತೈತೆ. ಆ ಪಟ್ಟಿ ಓದಿ ಕೆಲಸ ಮಾಡೋ ಸ್ಕ್ರಿಪ್ಟ್ ನಿಮ್ಮಲ್ಲಿ ಇದ್ರೆ ಅದು ಕೆಡ್ತೈತೆ, ಅದನ್ನೊಂದು ನೋಡ್ಕೊಳ್ರಿ. ಡೈರೆಕ್ಟರಿಯ ಹೆಸರೆಲ್ಲಾ ಮೊದಲೇ ಎಳೆದು ತರೋ ಎನ್ಯೂಮರೇಟ್ ಅನ್ನೋದು ಟ್ರೂ ಇದ್ರೆ ಇವತ್ತೇ ತೆಗೀರಿ, ಅದರ ಡಿಫಾಲ್ಟ್ ಫಾಲ್ಸ್, ಯಾರೋ ಪಟ್ಟಿ ಪೂರಾ ಕಾಣ್ಲಿ ಅಂತ ಹಾಕಿರ್ತಾರೆ.

ಒಂದು ಸಲ ಲಾಗಿನ್ ಆದಮೇಲೆ ಕ್ಯಾಶ್ ಐತಲ್ಲ, ಆಮೇಲೆ ಫಾಸ್ಟ್ ಇರ್ಬೇಕಲ್ಲ ಅಂತ ಸುಮಾರು ಜನ ಕೇಳ್ತಾರೆ. ಕ್ಯಾಶ್ ಆಯುಷ್ಯ ಡಿಫಾಲ್ಟಾಗಿ 5400 ಸೆಕೆಂಡ್, ಅಂದ್ರೆ ಒಂದೂವರೆ ತಾಸು. ಆದ್ರೆ ಲಾಗಿನ್ ಹೊತ್ತಿಗೆ ಎಸ್‌ಎಸ್‌ಎಸ್‌ಡಿ ಬೇಕಂತಲೇ ಕ್ಯಾಶ್ ಬಿಟ್ಟು ಸರ್ವರ್‌ನ ಕೇಳ್ತೈತೆ, ನಿನ್ನೆ ಗ್ರೂಪ್‌ನಿಂದ ತೆಗೆದವನು ಇವತ್ತು ಒಳಗೆ ಬರಬಾರದಲ್ಲ. ಅದಕ್ಕೇ ಐಡಿ ಕಮಾಂಡ್ ಎರಡನೇ ಸಲ ಫಾಸ್ಟ್, ಲಾಗಿನ್ ಮಾತ್ರ ಪ್ರತಿ ಸಲ ನಿಧಾನ, ಹಿಂಗಿದ್ರೆ ಗಾಬರಿ ಬೇಡ, ಅದರ ಸ್ವಭಾವ ಅದು.

ಇನ್ನು ಪಾಸ್‌ವರ್ಡ್ ಹೊಡೆದಮೇಲೆ ನಿಲ್ಲೋದು. ನಿಮ್ಮ ಕಥೆ ಕೇಳಿದ್ರೆ ನನಗೆ ಜಾಸ್ತಿ ಅನುಮಾನ ಇಲ್ಲೇ. ಕೊಪ್ಪಳದ ಹತ್ರ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ನಾನು ನೋಡಿದ್ದು ಥೇಟ್ ಇದೇ ಥರ, ಅಪ್‌ಡೇಟ್, ರೀಬೂಟ್, ಆಮೇಲೆ ನೆಟ್‌ವರ್ಕ್ ಅಕೌಂಟ್ ಮಾತ್ರ ಮಂದ. ಸರ್ವರ್‌ನಲ್ಲಿ ನೆಟ್‌ವರ್ಕ್‌ನಲ್ಲಿ ಹೋಗಿ ಬರೋದನ್ನ ತೋರಿಸೋ ಟಿಸಿಪಿಡಂಪ್ ಹಚ್ಚಿ ಪೋರ್ಟ್ 53 (ಡಿಎನ್‌ಎಸ್), 88 (ಕರ್ಬರೋಸ್), 389 (ಎಲ್‌ಡ್ಯಾಪ್), 445 (ಫೈಲ್ ಶೇರ್) ಇಷ್ಟನ್ನೇ ನೋಡ್ತಾ ಕೂತ್ವಿ, ಒಬ್ಬರು ಪಕ್ಕದ ಪಿಸಿಯಿಂದ ಲಾಗಿನ್ ಆದ್ರು. ಕರ್ಬರೋಸ್ ಸರ್ವರ್ ಯಾವುದು ಅಂತ ಒಂದು ಡಿಎನ್‌ಎಸ್ ಪ್ರಶ್ನೆ ಹೊರಗೆ ಹೋಯ್ತು, ವಾಪಸ್ ಏನೂ ಬರಲಿಲ್ಲ, ಸ್ಕ್ರೀನ್ ಸುಮ್ನೆ ನಿಂತಿತ್ತು, ಕರೆಕ್ಟ್ 5 ಸೆಕೆಂಡ್ ಆದಮೇಲೆ ಅದೇ ಪ್ರಶ್ನೆ ಬೇರೆ ಐಪಿಗೆ ಹೋಯ್ತು, ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಬಂತು. ಮುಂದಿನ ಪ್ರಶ್ನೆಗೂ ಮತ್ತೆ ಮೊದಲನೇ ಐಪಿ, ಮತ್ತೆ 5 ಸೆಕೆಂಡ್. ಆ ಐಪಿ ಯಾವುದು ಅಂತ ನೋಡಿದ್ರೆ ಎಂದೋ ತೆಗೆದುಹಾಕಿದ ಹಳೇ ವಿಂಡೋಸ್ ಸರ್ವರ್‌ದು. ಮನೆ ಬೀಗ ಹಾಕಿ ಊರು ಬಿಟ್ಟವರ ಬಾಗಿಲನ್ನ ಪ್ರತಿ ಸಲ ಮೊದಲು ತಟ್ಟಿ, ಕಾದು, ಆಮೇಲೆ ಪಕ್ಕದ ಮನೆಗೆ ಹೋದಂಗೆ. ಲೋಕಲ್ ಅಕೌಂಟ್‌ಗೆ ಈ ಪ್ರಶ್ನೆ ಕೇಳೋ ಕೆಲಸವೇ ಇಲ್ಲ, ಅದಕ್ಕೆ ಅದು ಫಾಸ್ಟ್.

ಅಪ್‌ಡೇಟ್‌ಗೆ ಮುಂಚೆ ಚೆನ್ನಾಗಿತ್ತಲ್ಲ ಅಂದ್ರೆ, ಆ ಫ್ಯಾಕ್ಟರಿಯಲ್ಲಿ ಹಿಂದೆ ಇದ್ದವರು ಇಟಿಸಿ ಒಳಗಿನ ರಿಸಾಲ್ವ್.ಕಾನ್ಫ್ ಫೈಲನ್ನ ಕೈಯಿಂದ ತಿದ್ದಿ ಸರಿ ಮಾಡಿದ್ರು, 9ನೇ ಸೀರೀಸ್‌ನಲ್ಲಿ ಆ ಫೈಲ್ ನೆಟ್‌ವರ್ಕ್‌ಮ್ಯಾನೇಜರ್‌ದು, ರೀಬೂಟ್‌ನಲ್ಲಿ ಅದು ತನ್ನ ಹತ್ರ ಇದ್ದ ಹಳೇ ಐಪಿ ಬರೆದು ಕೂತುಬಿಡ್ತು. ನೀವೂ ಆ ಫೈಲ್ ತೆಗೆದು ನೋಡ್ರಿ, ಅದರಲ್ಲಿರೋ ಒಂದೊಂದು ನೇಮ್‌ಸರ್ವರ್‌ನೂ ಡಿಗ್ ಕಮಾಂಡ್‌ನಲ್ಲಿ ಬೇರೆ ಬೇರೆ ಕೇಳ್ರಿ, ನಿಮ್ಮ ಡೊಮೇನ್‌ನ ಎಲ್‌ಡ್ಯಾಪ್ ಎಸ್‌ಆರ್‌ವಿ ರೆಕಾರ್ಡ್ (ಆ ಸೇವೆ ಕೊಡೋ ಸರ್ವರ್ ಯಾವುದು ಅಂತ ಹೇಳೋ ಡಿಎನ್‌ಎಸ್ ನಮೂದು) ಕೊಡು ಅಂತ. ಉತ್ತರ ಕೊಡದವನನ್ನ ತೆಗೀರಿ, ಆದ್ರೆ ಫೈಲಿನಲ್ಲಲ್ಲ, ನೆಟ್‌ವರ್ಕ್‌ಮ್ಯಾನೇಜರ್‌ದೇ ಕಮಾಂಡ್ ಎನ್‌ಎಮ್‌ಸಿಎಲ್‌ಐ ಮೂಲಕ ಕನೆಕ್ಷನ್‌ನಲ್ಲೇ ಡಿಎನ್‌ಎಸ್ ಬದಲಿಸಿ, ಡಿಎಚ್‌ಸಿಪಿಯಿಂದ ಬರೋ ಡಿಎನ್‌ಎಸ್ ಬೇಡ ಅಂತಾನೂ ಹೇಳ್ರಿ. ಎರಡನೇದು ಇರಲಿ ಅಂತ ಗೂಗಲ್‌ನ 8.8.8.8 ಹಾಕೋ ಅಭ್ಯಾಸ ನಮ್ಮ ಕಡೆ ಬಹಳ, ದಯವಿಟ್ಟು ಹಾಕಬೇಡ್ರಿ. ನಿಮ್ಮ ಕಾಲೇಜಿನ ಒಳಗಿನ ಡೊಮೇನ್ ಗೂಗಲ್‌ಗೆ ಗೊತ್ತಿಲ್ಲ, ಅಂಥ ಹೆಸರೇ ಇಲ್ಲ ಅಂತ ಉತ್ತರ ಕೊಡ್ತೈತೆ, ಇಲ್ಲ ಅನ್ನೋದೂ ಒಂದು ಉತ್ತರವೇ ಆದ್ದರಿಂದ ಲಿನಕ್ಸ್ ಅದನ್ನ ನಂಬಿ ಮುಂದಿನವರನ್ನ ಕೇಳೋದೇ ಇಲ್ಲ.

ಆ ಎಸ್‌ಆರ್‌ವಿ ಉತ್ತರದಲ್ಲಿ ಬಂದ ಹೆಸರುಗಳನ್ನೂ ಒಂದೊಂದಾಗಿ ನೋಡ್ರಿ. ಸತ್ತ ಡೊಮೇನ್ ಕಂಟ್ರೋಲರ್ ಹೆಸರು ಅಲ್ಲಿ ಇನ್ನೂ ಇದ್ರೆ ವಿಂಡೋಸ್ ನೋಡ್ಕೊಳ್ಳೋವರಿಗೆ ಹೇಳಿ ಡಿಎನ್‌ಎಸ್‌ನಿಂದಲೂ ಆಕ್ಟಿವ್ ಡೈರೆಕ್ಟರಿಯಿಂದಲೂ ಅದನ್ನ ಪೂರಾ ತೆಗೆಸಿ, ಮಷೀನ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಅದರ ಹೆಸರು ಹೋಗಲ್ಲ. ಎಸ್‌ಎಸ್‌ಎಸ್‌ಸಿಟಿಎಲ್ ಡೊಮೇನ್-ಸ್ಟೇಟಸ್ ಕೊಟ್ರೆ ಈಗ ಯಾವ ಸರ್ವರ್ ಹಿಡ್ಕೊಂಡಿದೆ, ಆನ್‌ಲೈನ್ ಇದೆಯಾ ಆಫ್‌ಲೈನ್ ಇದೆಯಾ ಅಂತ ತೋರಿಸ್ತೈತೆ, ಟೆಸ್ಟ್ ಮಾಡೋವಾಗ ಎರಡು ಮೂರು ಸಲ ಕೊಡ್ತಿರ್ರಿ, ಒಮ್ಮೆ ಆನ್‌ಲೈನ್ ಒಮ್ಮೆ ಆಫ್‌ಲೈನ್ ಅಂತ ಜಿಗೀತಿದ್ರೆ ನೆಟ್‌ವರ್ಕ್ ಕಡೆ ಹೋಗ್ರಿ.

ಡಿಎನ್‌ಎಸ್ ಸರಿ ಇದ್ದೂ ಪಾಸ್‌ವರ್ಡ್ ಆದಮೇಲೆ ನಿಲ್ತಿದ್ರೆ ಗ್ರೂಪ್ ಪಾಲಿಸಿ ನೋಡ್ರಿ. ಈ ವಿಷಯ ಬಹಳ ಜನಕ್ಕೆ ಗೊತ್ತೇ ಇರಲ್ಲ. ನೀವು ಆಕ್ಸೆಸ್ ಪ್ರೊವೈಡರ್ ಎಡಿ ಅಂತ ಇಟ್ಟಿದ್ರೆ ಲಿನಕ್ಸ್‌ಗೆ ಲಾಗಿನ್ ಆಗೋವಾಗಲೂ ಎಸ್‌ಎಸ್‌ಎಸ್‌ಡಿ ವಿಂಡೋಸ್ ಗ್ರೂಪ್ ಪಾಲಿಸಿ ಓದ್ತೈತೆ, ಈ ಹುಡುಗನಿಗೆ ರಿಮೋಟ್ ಲಾಗಿನ್ ಪರವಾನಗಿ ಇದೆಯಾ ಅಂತ, ಅದಕ್ಕಾಗಿ ಡೊಮೇನ್ ಕಂಟ್ರೋಲರ್‌ನ ಸಿಸ್‌ವಾಲ್ ಶೇರ್‌ನಿಂದ ಪೋರ್ಟ್ 445ರಲ್ಲಿ ಫೈಲ್ ಎಳೀತೈತೆ. ರೆಡ್ ಹ್ಯಾಟ್‌ನ 7ನೇ ಸೀರೀಸ್‌ನಲ್ಲಿ ಇದು ಬರೀ ನೋಡಿ ಲಾಗ್ ಬರೀತಿತ್ತು, 8ರಿಂದ ನಿಜವಾಗಿ ತಡೆಯೋದು ಡಿಫಾಲ್ಟ್ ಆಯ್ತು. ಆ ಪಾಲಿಸಿ ಕ್ಯಾಶ್ ಡಿಫಾಲ್ಟಾಗಿ ಇರೋದು ಬರೀ 5 ಸೆಕೆಂಡ್, ಹಂಗಾಗಿ ಪ್ರತಿ ಲಾಗಿನ್‌ಗೂ ಹೊಸದಾಗಿ ಕೇಳಿದಂಗೇ. ವೈರಸ್ ಭಯಕ್ಕೆ ಮಧ್ಯದ ಫೈರ್‌ವಾಲ್‌ನಲ್ಲಿ 445 ಮುಚ್ಚಿರೋ ಕ್ಯಾಂಪಸ್ ಎಷ್ಟೋ ಇದಾವೆ, ಅಲ್ಲಿ ಉತ್ತರ ಬರದೆ ಒದ್ದಾಡ್ತೈತೆ. ಖಾತ್ರಿ ಮಾಡ್ಕೊಳ್ಳೋಕೆ ಎಡಿ_ಜಿಪಿಒ_ಆಕ್ಸೆಸ್_ಕಂಟ್ರೋಲ್ ಅನ್ನೋದನ್ನ ಡಿಸೇಬಲ್ಡ್ ಮಾಡಿ ಎಸ್‌ಎಸ್‌ಎಸ್‌ಡಿ ರೀಸ್ಟಾರ್ಟ್ ಕೊಟ್ಟು ಒಂದು ಲಾಗಿನ್ ನೋಡ್ರಿ. ಸ್ಪೀಡ್ ಬಂದ್ರೂ ಹಂಗೇ ಬಿಟ್ಟು ಹೋಗಬೇಡ್ರಿ ಮೇಡಂ, ಅದನ್ನ ಆಫ್ ಮಾಡಿದ್ರೆ ಆಫೀಸ್ ಕ್ಲರ್ಕ್‌ನಿಂದ ಹಿಡಿದು ಡೈರೆಕ್ಟರಿಯಲ್ಲಿರೋ ಎಲ್ಲರೂ ಲ್ಯಾಬ್ ಸರ್ವರ್ ಒಳಗೆ ಬರಬಹುದು. 445ನ್ನ ಡೊಮೇನ್ ಕಂಟ್ರೋಲರ್‌ಗೆ ಮಾತ್ರ ತೆರೆಸಿ, ಇಲ್ಲಾ ಪಾಲಿಸಿ ಬೇಡವೇ ಬೇಡ ಅಂದ್ರೆ ಆಕ್ಸೆಸ್ ಪ್ರೊವೈಡರನ್ನ ಸಿಂಪಲ್ ಅಂತ ಮಾಡಿ ಯಾವ ಯಾವ ಗ್ರೂಪ್ ಬರಬಹುದು ಅಂತ ಅಲ್ಲೇ ಬರೀರಿ, ನನ್ನ ಆಯ್ಕೆ ಸಣ್ಣ ಲ್ಯಾಬ್‌ಗೆ ಎರಡನೇದು.

ಬೇಸಿಗೆಯಲ್ಲಿ ನಮ್ಮ ಬಳ್ಳಾರಿ ರಾಯಚೂರು ಕಡೆ ಕರೆಂಟ್ ಹೋಗಿ ಬಂದು ಮಾಡ್ತಿರ್ತೈತೆ, ಹಳೇ ಮಷೀನ್‌ನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ರೆ ಟೈಮ್ ಹಿಂದೆ ಹೋಗ್ತೈತೆ. ಕರ್ಬರೋಸ್‌ನಲ್ಲಿ ಎರಡು ಕಡೆ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಫರಕ್ ಇರಂಗಿಲ್ಲ, ಇದ್ರೆ ಸಾಮಾನ್ಯವಾಗಿ ಲಾಗಿನ್ನೇ ಫೇಲ್ ಆಗ್ತೈತೆ, ಆದ್ರೆ ಎರಡು ಡೊಮೇನ್ ಕಂಟ್ರೋಲರ್ ಇದ್ದು ಒಂದರ ಟೈಮ್ ಮಾತ್ರ ಕೆಟ್ಟಿದ್ರೆ ಒಮ್ಮೆ ಆಗ್ತೈತೆ ಒಮ್ಮೆ ಆಗಲ್ಲ. ಟೈಮ್ ಎಷ್ಟು ಫರಕ್ ಇದೆ ಅಂತ ತೋರಿಸೋ ಕ್ರೋನಿಸಿ ಟ್ರ್ಯಾಕಿಂಗ್ ಕಮಾಂಡ್ ಒಂದು ಸಲ ಕೊಟ್ಟು ನೋಡಿಬಿಡ್ರಿ.

ಮೂರನೇ ಜಾಗ, ಲಾಸ್ಟ್ ಲಾಗಿನ್ ಸಾಲು ಬಂದಮೇಲೆ ನಿಲ್ಲೋದು. ಇಲ್ಲಿಗೆ ಬಂದ್ರೆ ಹೆಸರು, ಪಾಸ್‌ವರ್ಡ್, ಪರವಾನಗಿ ಎಲ್ಲಾ ಮುಗಿದಂಗೆ, ಉಳಿದಿದ್ದು ಹೋಮ್ ಫೋಲ್ಡರ್ ಮತ್ತೆ ಶೆಲ್. ಎಸ್‌ಎಸ್‌ಎಚ್ ಕೊನೆಗೆ ಬರೀ ಟ್ರೂ ಅಂತ ಕಮಾಂಡ್ ಕೊಟ್ಟು ಎಷ್ಟು ಹೊತ್ತು ನೋಡ್ರಿ, ಆಮೇಲೆ ಮಾಮೂಲಿ ಲಾಗಿನ್ ನೋಡ್ರಿ. ಟ್ರೂ ಫಾಸ್ಟಾಗಿ ಮುಗಿದು ಮಾಮೂಲಿ ನಿಧಾನ ಅಂದ್ರೆ ಪ್ರೊಫೈಲ್ ಸ್ಕ್ರಿಪ್ಟ್‌ಗಳು, ಕೋಟಾ ನೋಡೋ ಸಾಲು, ಇಂಥವು. ಎರಡೂ ನಿಧಾನ ಅಂದ್ರೆ ಎನ್‌ಎಫ್‌ಎಸ್ ಮೌಂಟ್. ಸುಮಾರು 20 ಸೆಕೆಂಡ್ ನಿಂತು ಎಕ್ಸ್‌ಆಥ್ ಲಾಕ್ ಆಗಲಿಲ್ಲ ಅಂತ ಮೆಸೇಜ್ ಬಂದ್ರೆ ಎಕ್ಸ್11 ಫಾರ್ವರ್ಡಿಂಗ್‌ದು (ಸರ್ವರ್‌ನ ಗ್ರಾಫಿಕ್ಸ್ ವಿಂಡೋನ ಹುಡುಗನ ಪಿಸಿಯಲ್ಲಿ ತೋರಿಸೋ ಸೌಲಭ್ಯ), ಹೋಮ್‌ನಲ್ಲಿ ಫೈಲ್ ಲಾಕ್ ಮಾಡೋಕೆ ಹೋಗಿ ಎರಡೆರಡು ಸೆಕೆಂಡ್‌ಗೆ ಹತ್ತು ಸಲ ಪ್ರಯತ್ನ ಮಾಡ್ತೈತೆ, ಎಸ್‌ಎಸ್‌ಎಚ್‌ಗೆ ಮೈನಸ್ ಸಣ್ಣ ಎಕ್ಸ್ ಕೊಟ್ಟಾಗ ತಡ ಮಾಯ ಆದ್ರೆ ಇದೇ. ಎನ್‌ಎಫ್‌ಎಸ್ ಸರ್ವರ್‌ನೂ ಅದೇ ದಿನ ರೀಬೂಟ್ ಮಾಡಿದ್ರೆ ಶುರುವಿನ 90 ಸೆಕೆಂಡ್ ಅದು ಗ್ರೇಸ್ ಪೀರಿಯಡ್‌ನಲ್ಲಿ (ಹಳೇ ಕ್ಲೈಂಟ್‌ಗಳು ತಮ್ಮ ಫೈಲ್ ಲಾಕ್ ವಾಪಸ್ ತಗೊಳ್ಳೋಕೆ ಬಿಡೋ ಸಮಯ) ಇರ್ತೈತೆ, ಆ ಹೊತ್ತಿನ ಟೆಸ್ಟ್ ಲೆಕ್ಕಕ್ಕೆ ತಗೋಬೇಡ್ರಿ.

ಎಕ್ಸಾಮ್ ಹತ್ರ ಅಂದ್ರಿ, ಹಂಗಾಗಿ ಇವತ್ತು ನಿಮ್ಮ ಜಾಗದಲ್ಲಿ ನಾನಿದ್ರೆ ರಿಸಾಲ್ವ್.ಕಾನ್ಫ್ ಮೊದಲು, ಟೈಮ್ ಹಾಕಿ ಐಡಿ ಎರಡನೇದು, ಗ್ರೂಪ್ ಪಾಲಿಸಿ ಮೂರನೇದು ನೋಡ್ತಿದ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಹಳೇ ಕಾನ್ಫಿಗ್ ಕಾಪಿ ಇಟ್ಕೊಂಡು. ಎಕ್ಸಾಮ್ ಒಳಗೆ ಮೂಲ ಸಿಗಲಿಲ್ಲ ಅಂದ್ರೆ ರಿಸಾಲ್ವರ್ ಆಪ್ಷನ್‌ನಲ್ಲಿ ಟೈಮ್‌ಔಟ್ 1 ಅಂತ ಕೊಟ್ಟು ಕಾಯೋದನ್ನ ಕಮ್ಮಿ ಮಾಡಬಹುದು, ಆದ್ರೆ ಅದು ತಾತ್ಕಾಲಿಕ ಅಂತ ಎಲ್ಲಾದ್ರೂ ಬರೆದಿಡ್ರಿ. ಇಷ್ಟಕ್ಕೂ ಬಗ್ಗಲಿಲ್ಲ ಅಂದ್ರೆ ಎಸ್‌ಎಸ್‌ಎಸ್‌ಡಿ ಡೊಮೇನ್ ಸೆಕ್ಷನ್‌ನಲ್ಲಿ ಡಿಬಗ್_ಲೆವೆಲ್ 7 ಕೊಟ್ಟು ರೀಸ್ಟಾರ್ಟ್ ಮಾಡಿ ಒಂದೇ ಒಂದು ಲಾಗಿನ್ ಮಾಡಿಸ್ರಿ, ವಾರ್ ಲಾಗ್ ಎಸ್‌ಎಸ್‌ಎಸ್‌ಡಿ ಫೋಲ್ಡರ್‌ನಲ್ಲಿ ಡೊಮೇನ್ ಹೆಸರಿನ ಲಾಗ್ ತೆಗೆದು ಎರಡು ಸಾಲಿನ ಮಧ್ಯೆ ಟೈಮ್ ಎಲ್ಲಿ ಜಿಗಿದಿದೆ ನೋಡ್ರಿ, ಆ ಜಿಗಿತದ ಹಿಂದಿನ ಹತ್ತು ಸಾಲು ಮುಂದಿನ ಹತ್ತು ಸಾಲು ಕಳಿಸಿದ್ರೆ ನಾನೂ ನೋಡ್ತೀನಿ, ಹುಡುಗರ ಹೆಸರು ಅಳಿಸಿ ಕಳಿಸ್ರಿ. ಟೆಸ್ಟ್ ಮುಗಿದ ತಕ್ಷಣ ಆ ಡಿಬಗ್ ಸಾಲು ತೆಗೆದು ಮತ್ತೆ ರೀಸ್ಟಾರ್ಟ್ ಕೊಡೋದು ಮರೀಬೇಡ್ರಿ, ಬಿಟ್ರೆ ಲ್ಯಾಬ್ ತುಂಬಾ ಹುಡುಗರು ಲಾಗಿನ್ ಆಗೋ ದಿನ ಲಾಗ್ ಬೆಳೆದು ವಾರ್ ಪಾರ್ಟಿಷನ್ ತುಂಬ್ತೈತೆ.